ಮೇಡಂ, ನಿಮ್ಮ ಕಡತ ಎಲ್ಲಿಗೆ ಬಂತು?

ಓದುಗರ ಪ್ರಶ್ನೆ, ಬಲ್ಲವರ ಉತ್ತರ

ವಿಶ್ವವಿದ್ಯಾಲಯಗಳಲ್ಲಿ ಮಹಿಳೆಯರ ನಾಯಕತ್ವಕ್ಕೆ ಬೆಂಬಲ ಕೊಡುವುದು ಹೇಗೆ ಎಂಬ ಬಗ್ಗೆ ಈ ಸಲ ಓದುಗರಿಂದ ಪ್ರಶ್ನೆ ಆಹ್ವಾನಿಸಿದ್ದೆವು. ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಕಡೆ ಬಂದು ನಿಲ್ಲುತ್ತವೆ: ಕೆಲಸಕ್ಕೆ ಸೇರುವಾಗ ಹೆಣ್ಣು ಗಂಡು ಇಬ್ಬರೂ ಜೊತೆಗಿದ್ದರು, ಹದಿನೈದು ವರ್ಷವಾದ ಮೇಲೆ ಒಬ್ಬರು ಮುಂದೆ, ಒಬ್ಬರು ಹಿಂದೆ. 2021–22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ ದೇಶದ ಕಾಲೇಜು, ವಿಶ್ವವಿದ್ಯಾಲಯಗಳ ಅಧ್ಯಾಪಕರಲ್ಲಿ ಮಹಿಳೆಯರು ಸುಮಾರು ಶೇ 43. ಪ್ರಾಧ್ಯಾಪಕರ ಸಾಲಿಗೆ ಬರುವಷ್ಟರಲ್ಲಿ ಆ ಪಾಲು ಸವೆದುಹೋಗಿರುತ್ತದೆ. ಎಲ್ಲಿ ಸವೆಯುತ್ತದೆ ಎಂದು ಕೇಳಿದರೆ ನಮ್ಮ ಉತ್ತರ ಇಷ್ಟೇ: ಕಡತದಲ್ಲಿ, ದಿನಾಂಕದಲ್ಲಿ, ಬರೆದಿಡದೆ ಬಿಟ್ಟ ಕೆಲಸದಲ್ಲಿ. ಹಾಗಾಗಿ ಉತ್ತರಗಳನ್ನೂ ಅಲ್ಲಿಂದಲೇ ಕೊಟ್ಟಿದ್ದೇವೆ.

ಕೆಲಸಕ್ಕೆ ಸೇರಿ ಒಂಬತ್ತು ವರ್ಷವಾಯಿತು. ಸೇರುವಾಗಲೇ ಪಿಎಚ್.ಡಿ ಆಗಿತ್ತು. ಸ್ವಾಗತ ಸಮಿತಿ, ಸಾಂಸ್ಕೃತಿಕ ಸಮಿತಿ, ಅತಿಥಿಗಳ ಊಟ, ಹಾಸ್ಟೆಲ್ ಉಸ್ತುವಾರಿ, ಎಲ್ಲದಕ್ಕೂ ನನ್ನ ಹೆಸರು. ನನ್ನ ಜೊತೆಗೇ ಸೇರಿದ ಸಹೋದ್ಯೋಗಿಗೆ ಎರಡು ಬಡ್ತಿ ಆಗಿದೆ, ನನಗೆ ಒಂದೇ. ನಾನು ಎಲ್ಲಿ ಎಡವಿದೆ?
– ಸಹಾಯಕ ಪ್ರಾಧ್ಯಾಪಕಿ, ಕಲಬುರಗಿ

ಮೊದಲು ಲೆಕ್ಕ ನೋಡೋಣ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿಯಂತೆ ಪಿಎಚ್.ಡಿ ಇದ್ದು ಸೇರಿದವರಿಗೆ, ಸೇರುವ 10ನೇ ವೇತನ ಹಂತದಿಂದ 11ಕ್ಕೆ 4 ವರ್ಷ, 11ರಿಂದ 12ಕ್ಕೆ 5 ವರ್ಷ, 12ರಿಂದ ಸಹ ಪ್ರಾಧ್ಯಾಪಕ ಹುದ್ದೆಯ 13ಎಗೆ 3 ವರ್ಷ, ಅಲ್ಲಿಂದ ಪ್ರಾಧ್ಯಾಪಕ ಹುದ್ದೆಯ 14ಕ್ಕೆ 3 ವರ್ಷ. ಒಟ್ಟು 15. ಎಂ.ಫಿಲ್ ಮಾತ್ರ ಇದ್ದವರಿಗೆ ಮೊದಲ ಮೆಟ್ಟಿಲು 5 ವರ್ಷ, ಎರಡೂ ಇಲ್ಲದವರಿಗೆ 6. ನೀವು ಈಗ 12ನೇ ಹಂತಕ್ಕೆ ಕಾಲಿಡಬೇಕಾದ ಹೊತ್ತು. ಒಂದೇ ಬಡ್ತಿ ಆಗಿದೆ ಎಂದರೆ ಮೊದಲನೆಯದು ತಡವಾಗಿದೆ, ಇಲ್ಲವೇ ಎರಡನೆಯದರ ಅರ್ಜಿ ಇನ್ನೂ ಹೋಗಿಲ್ಲ. ಸೇವಾ ಪುಸ್ತಕ ತೆಗೆಸಿ ಮೊದಲ ಬಡ್ತಿ ಜಾರಿಯಾದ ದಿನಾಂಕ ನೋಡಿ. ಆದೇಶದ ದಿನಾಂಕ ಬೇರೆ, ಬಡ್ತಿ ಜಾರಿಯಾಗುವ ದಿನಾಂಕ ಬೇರೆ. ನಿಮಗೆ ಬೇಕಿರುವುದು ಎರಡನೆಯದು.

ಇನ್ನು ಸಮಿತಿಗಳ ವಿಚಾರ. ಪ್ರತಿ ವರ್ಷದ ಮೌಲ್ಯಮಾಪನದಲ್ಲಿ ಎರಡು ಭಾಗ. ಒಂದು, ಪಾಠ: ನಿಮಗೆ ಹಂಚಿದ ತರಗತಿಗಳಲ್ಲಿ ಶೇ 80 ಮತ್ತು ಮೇಲೆ ತೆಗೆದುಕೊಂಡಿದ್ದರೆ ‘ಉತ್ತಮ’, 70ರಿಂದ 80ರೊಳಗೆ ‘ತೃಪ್ತಿಕರ’, ಅದಕ್ಕಿಂತ ಕೆಳಗೆ ‘ಅತೃಪ್ತಿಕರ’. ಇನ್ನೊಂದು, ಇತರ ಚಟುವಟಿಕೆ: ಆಡಳಿತ ಹೊಣೆ, ವಾರ್ಡನ್ ಕೆಲಸ, ಪರೀಕ್ಷೆ, ಎನ್‌ಎಸ್‌ಎಸ್, ವಿಚಾರ ಸಂಕಿರಣ, ಸಂಶೋಧನಾ ಮಾರ್ಗದರ್ಶನ, ಪ್ರಬಂಧ ಪ್ರಕಟಣೆ ಇಂಥವು. ಇದರಲ್ಲಿ ಕನಿಷ್ಠ ಮೂರು ಇದ್ದರೆ ‘ಉತ್ತಮ’. ಗಮನಿಸಿ, ಮೂರು ಸಾಕು. ನೀವು ಹದಿಮೂರು ಮಾಡಿದ್ದರೂ ಕಾಲಂನಲ್ಲಿ ಬರುವುದು ಅದೇ ‘ಉತ್ತಮ’. ಉಳಿದ ಹತ್ತು ಕೆಲಸದ ಹೊತ್ತು ನಿಮ್ಮ ಸಂಶೋಧನೆಯ ಹೊತ್ತಿನಿಂದ ಹೋಗಿರುತ್ತದೆ.

ಮುಂದಿನ ಮೆಟ್ಟಿಲುಗಳಲ್ಲಿ ತೂಗುವುದು ಸಂಶೋಧನಾ ಅಂಕ. ಸಹ ಪ್ರಾಧ್ಯಾಪಕ ಹುದ್ದೆಗೆ ಕನಿಷ್ಠ 70, ಪ್ರಾಧ್ಯಾಪಕ ಹುದ್ದೆಗೆ 110. ಪ್ರಾಧ್ಯಾಪಕ ಹುದ್ದೆಗೆ 10 ಪ್ರಬಂಧಗಳು ಬೇಕು, ಅದರಲ್ಲಿ 3 ಆ ಮೌಲ್ಯಮಾಪನ ಅವಧಿಯಲ್ಲೇ ಪ್ರಕಟವಾಗಿರಬೇಕು, ಜೊತೆಗೆ ಪಿಎಚ್.ಡಿ ಮಾರ್ಗದರ್ಶನ ಮಾಡಿದ ದಾಖಲೆ. ಒಂದು ಪ್ರಬಂಧಕ್ಕೆ ವಿಜ್ಞಾನ ವಿಷಯಗಳಲ್ಲಿ 8, ಭಾಷೆ, ಕಲೆ, ಸಮಾಜ ವಿಜ್ಞಾನ, ವಾಣಿಜ್ಯದಲ್ಲಿ 10 ಮೂಲ ಅಂಕ. ನಿಮ್ಮ ಮಾರ್ಗದರ್ಶನದಲ್ಲಿ ಒಬ್ಬರಿಗೆ ಪಿಎಚ್.ಡಿ ಬಂದರೆ 10, ಅವರ ಮಹಾಪ್ರಬಂಧ ಸಲ್ಲಿಕೆಯಷ್ಟೇ ಆಗಿದ್ದರೆ 5. ಇವೆಲ್ಲ ಆರು ವರ್ಗಗಳಲ್ಲಿ ಕನಿಷ್ಠ ಮೂರು ವರ್ಗಗಳಿಂದ ಬರಬೇಕು. ಬರೀ ಪ್ರಬಂಧ ಬರೆದು ಪೂರೈಸುತ್ತೇನೆ ಎಂದರೆ ಆಗದು.

ಇಲ್ಲೊಂದು ಸೂಕ್ಷ್ಮವಿದೆ, ಎಷ್ಟೋ ಜನರಿಗೆ ತಿಳಿದೇ ಇಲ್ಲ. ಪ್ರಬಂಧವನ್ನು ಇಬ್ಬರು ಸೇರಿ ಬರೆದರೆ ಇಬ್ಬರಿಗೂ ಶೇ 70 ಅಂಕ. ಮೂವರಾದ ಕೂಡಲೇ ಮೊದಲ ಲೇಖಕರಿಗೆ, ಇಲ್ಲವೇ ಪತ್ರವ್ಯವಹಾರದ ಹೊಣೆ ಹೊತ್ತ ಲೇಖಕರಿಗೆ ಮಾತ್ರ ಶೇ 70, ಉಳಿದವರಿಗೆ ತಲಾ 30. ನೀವೂ ನಿಮ್ಮ ಸಂಶೋಧನಾ ವಿದ್ಯಾರ್ಥಿಯೂ ಬರೆದ 10 ಅಂಕದ ಪ್ರಬಂಧದಲ್ಲಿ ಎರಡನೇ ಹೆಸರು ನಿಮ್ಮದಾಗಿದ್ದರೂ ನಿಮಗೆ 7 ಸಿಗುತ್ತಿತ್ತು. ‘ಸರ್ ಹೆಸರೂ ಇರಲಿ’ ಎಂದು ಮರ್ಯಾದೆಗೆ ಮೂರನೇ ಹೆಸರು ಸೇರಿಸಿದಿರೋ, ನಿಮ್ಮ 7 ಅಂಕ 3ಕ್ಕೆ ಇಳಿಯಿತು. ಇಂಥ ಆರು ಪ್ರಬಂಧವಾದರೆ 24 ಅಂಕ ನಷ್ಟ. ಕೆಲಸ ಮಾಡದವರ ಹೆಸರನ್ನು ಸೌಜನ್ಯಕ್ಕೆ ಸೇರಿಸುವುದು ಮೊದಲೇ ತಪ್ಪು. ಅದರ ಬೆಲೆಯನ್ನು ತೆರುವುದು ಮಾತ್ರ ಪ್ರತಿಸಲ ಕಿರಿಯರೇ, ಅವರಲ್ಲೂ ‘ಬೇಡ’ ಎನ್ನಲು ಹಿಂಜರಿಯುವ ಹೆಣ್ಣುಮಕ್ಕಳೇ ಹೆಚ್ಚು.

ಈಗ ಮಾಡಬೇಕಾದ್ದು. ವರ್ಷಕ್ಕೆ ಮೂರು ಹೊಣೆ ಆರಿಸಿಕೊಳ್ಳಿ. ಅವುಗಳಲ್ಲಿ ಒಂದಾದರೂ ಪರೀಕ್ಷೆ, ಹಣಕಾಸು ಅಥವಾ ಪಠ್ಯಕ್ರಮಕ್ಕೆ ಸಂಬಂಧಿಸಿರಲಿ. ಮೂರಕ್ಕೂ ಸಂಖ್ಯೆ, ದಿನಾಂಕ ಇರುವ ಲಿಖಿತ ಆದೇಶ ಪಡೆಯಿರಿ. ‘ಮೇಡಂ, ನೀವೇ ಸ್ವಲ್ಪ ನೋಡ್ಕೊಳ್ಳಿ’ ಎಂಬ ಬಾಯಿಮಾತಿಗೆ ಆಯ್ಕೆ ಸಮಿತಿಯ ಮುಂದೆ ಬೆಲೆಯಿಲ್ಲ. ನಾಲ್ಕನೆಯದು ಬಂದಾಗ ಮುಖ ಸಿಂಡರಿಸಬೇಕಿಲ್ಲ, ಹೀಗೆ ಬರೆದುಕೊಡಿ: ‘ಈ ಸಾಲಿನಲ್ಲಿ ನನಗೆ ಈಗಾಗಲೇ ಮೂರು ಜವಾಬ್ದಾರಿ ವಹಿಸಲಾಗಿದೆ, ಆದೇಶದ ಪ್ರತಿಗಳನ್ನು ಲಗತ್ತಿಸಿದ್ದೇನೆ. ಹೊಸದನ್ನು ವಹಿಸುವುದಾದರೆ ಇವುಗಳಲ್ಲಿ ಒಂದರಿಂದ ಬಿಡುಗಡೆ ಮಾಡಬೇಕಾಗಿ ಕೋರುತ್ತೇನೆ.’ ಇದು ನಿರಾಕರಣೆಯಲ್ಲ, ಆಯ್ಕೆಯನ್ನು ಮುಖ್ಯಸ್ಥರ ಮೇಜಿಗೆ ಒಯ್ಯುವ ಪತ್ರ. ಆವಕ ಸಂಖ್ಯೆ ಹಾಕಿಸಿಕೊಂಡು ಒಂದು ಪ್ರತಿ ಇಟ್ಟುಕೊಳ್ಳಿ.

ಬಡ್ತಿಯ ಅರ್ಜಿಯನ್ನು ಅರ್ಹತಾ ದಿನಾಂಕಕ್ಕೆ ಮೂರು ತಿಂಗಳು ಇರುವಾಗಲೇ ಕೊಡಬಹುದು. ಆ ದಿನಾಂಕದಂದು ಎಲ್ಲ ಷರತ್ತೂ ಪೂರೈಸಿದ್ದರೆ ಬಡ್ತಿ ಅಂದಿನಿಂದಲೇ. ಒಂದು ಷರತ್ತು ಬಾಕಿ ಇದ್ದರೆ ಅದನ್ನು ಪೂರೈಸಿದ ದಿನಕ್ಕೆ ಬಡ್ತಿ ಜಾರುತ್ತದೆ. ನಾವು ಕಂಡಂತೆ ಮಹಿಳೆಯರಿಗೆ ಬಾಕಿ ಉಳಿಯುವುದು ಹೆಚ್ಚಾಗಿ ತರಬೇತಿ. 21 ದಿನದ ಓರಿಯೆಂಟೇಶನ್, ಎರಡು ವಾರದ ರಿಫ್ರೆಶರ್ ಎಂದರೆ ಮನೆ ಬಿಟ್ಟು ಇರಬೇಕು, ಮಗು ಚಿಕ್ಕದು, ಮುಂದಿನ ವರ್ಷ ನೋಡೋಣ ಎಂದು ಮುಂದೂಡುತ್ತಾರೆ. ಮೈಸೂರು, ಧಾರವಾಡದ ತರಬೇತಿ ಕೇಂದ್ರಗಳೂ ಸೇರಿದಂತೆ ಮಾಳವೀಯ ಮಿಷನ್ ಕೇಂದ್ರಗಳು ಈಗ ಆನ್‌ಲೈನ್‌ನಲ್ಲೂ ಕಾರ್ಯಕ್ರಮ ನಡೆಸುತ್ತವೆ. ಹಂತದ ಮೊದಲ ವರ್ಷವೇ ಮುಗಿಸಿ, ಪ್ರಮಾಣಪತ್ರ ಕಡತಕ್ಕೆ ಸೇರಿಸಿಬಿಡಿ.

ಹೆರಿಗೆ ರಜೆ ಮುಗಿಸಿ ಬಂದೆ. ‘ಆ ವರ್ಷ ನೀವು ಪಾಠ ಮಾಡಿದ್ದು ಅರ್ಧವೇ, ಅದು ಲೆಕ್ಕಕ್ಕೆ ಬರೋದಿಲ್ಲ, ಬಡ್ತಿ ಒಂದು ವರ್ಷ ಮುಂದಕ್ಕೆ’ ಎನ್ನುತ್ತಿದ್ದಾರೆ ಕಚೇರಿಯವರು. ನಿಜವೇ?
– ಶಿವಮೊಗ್ಗ

ನಿಜವಲ್ಲ. ಅದೇ 2018ರ ನಿಯಮಾವಳಿಯ ಎರಡನೇ ಅನುಬಂಧದಲ್ಲಿ, ವಾರ್ಷಿಕ ಮೌಲ್ಯಮಾಪನದ ಕೋಷ್ಟಕದ ಕೆಳಗಿನ ಟಿಪ್ಪಣಿಯಲ್ಲಿ ಸ್ಪಷ್ಟವಾಗಿದೆ: ಹೆರಿಗೆ ರಜೆ, ಶಿಶುಪಾಲನಾ ರಜೆ, ಅಧ್ಯಯನ ರಜೆ, ವೈದ್ಯಕೀಯ ರಜೆಯ ಅವಧಿಯನ್ನು ಮೌಲ್ಯಮಾಪನದಿಂದ ಹೊರಗಿಡಬೇಕು, ಉಳಿದ ಅವಧಿಯ ಕೆಲಸ ನೋಡಿ ಅದನ್ನೇ ಇಡೀ ಅವಧಿಗೆ ಅನ್ವಯಿಸಬೇಕು, ರಜೆಯ ಕಾರಣಕ್ಕೆ ಬಡ್ತಿಯಲ್ಲಿ ತೊಂದರೆಯಾಗಬಾರದು. ನೀವು ಕೆಲಸದಲ್ಲಿದ್ದ ಅರ್ಧ ವರ್ಷದಲ್ಲಿ 120 ತರಗತಿ ಹಂಚಿಕೆಯಾಗಿ 102 ತೆಗೆದುಕೊಂಡಿದ್ದರೆ ಅದು ಶೇ 85. ಆ ವರ್ಷಕ್ಕೆ ನಿಮ್ಮದು ‘ಉತ್ತಮ’.

ಷರತ್ತು ಒಂದೇ: ರಜೆಗೆ ಮುಂಚಿತ ಮಂಜೂರಾತಿ ಇರಬೇಕು. ಕೆಲಸ ಕೆಡುವುದೂ ಅಲ್ಲಿಯೇ. ಅರ್ಜಿ ಕೊಟ್ಟು ಮನೆಗೆ ಹೋಗುತ್ತಾರೆ, ಮಂಜೂರಾತಿ ಆದೇಶ ಹೊರಟಿತೇ ಎಂದು ಯಾರೂ ನೋಡುವುದಿಲ್ಲ. ಆರು ತಿಂಗಳ ನಂತರ ಇನ್ನೊಂದು ತಿಂಗಳು ಫೋನಿನಲ್ಲಿ ಹೇಳಿ ಮುಂದುವರಿಸುತ್ತಾರೆ. ಐದು ವರ್ಷದ ಮೇಲೆ ಬಡ್ತಿಯ ಕಡತ ತೆರೆದಾಗ ಆ ಒಂದು ತಿಂಗಳು ‘ಅನಧಿಕೃತ ಗೈರು’ ಆಗಿ ಎದ್ದು ಕೂರುತ್ತದೆ. ಮಂಜೂರಾತಿ ಆದೇಶ, ಕರ್ತವ್ಯಕ್ಕೆ ಹಾಜರಾದ ವರದಿ, ಸೇವಾ ಪುಸ್ತಕದಲ್ಲಿ ನಮೂದು, ಈ ಮೂರರ ನಕಲು ನಿಮ್ಮ ಬಳಿ ಇರಲಿ. ಕಚೇರಿಗೆ ಬಾಯಲ್ಲಿ ವಾದಿಸಬೇಡಿ. ಆ ಟಿಪ್ಪಣಿಯ ಪುಟವನ್ನು ಲಗತ್ತಿಸಿ ಕುಲಸಚಿವರಿಗೆ ಪತ್ರ ಬರೆಯಿರಿ.

ಶಿಶುಪಾಲನಾ ರಜೆಯಲ್ಲಿ ಗೊಂದಲ ಬೇಡ. ಯುಜಿಸಿ ನಿಯಮ ಇಡೀ ಸೇವಾವಧಿಗೆ ಗರಿಷ್ಠ ಎರಡು ವರ್ಷ ಎನ್ನುತ್ತದೆ. ರಾಜ್ಯ ಸರ್ಕಾರ ತನ್ನ ಮಹಿಳಾ ನೌಕರರಿಗೆ 2021ರಲ್ಲಿ ಕೊಟ್ಟದ್ದು ಆರು ತಿಂಗಳು. ನಿಮ್ಮ ವಿಶ್ವವಿದ್ಯಾಲಯದ ಆಡಳಿತ ಮಂಡಳಿಯಾದ ಸಿಂಡಿಕೇಟ್ ಯಾವುದನ್ನು ಅಳವಡಿಸಿಕೊಂಡಿದೆ ಎಂದು ಆಡಳಿತ ಶಾಖೆಯಲ್ಲಿ ಲಿಖಿತವಾಗಿ ಕೇಳಿಯೇ ಯೋಜನೆ ಮಾಡಿಕೊಳ್ಳಿ.

ಪಿಎಚ್.ಡಿ ಎರಡನೇ ವರ್ಷದಲ್ಲಿದ್ದೇನೆ. ಮಗುವಾಗಲಿದೆ. ನೋಂದಣಿ ಬಿಟ್ಟುಬಿಡು ಎನ್ನುತ್ತಿದ್ದಾರೆ.
– ಸಂಶೋಧನಾ ವಿದ್ಯಾರ್ಥಿನಿ, ಮೈಸೂರು

ಬಿಡಬೇಡಿ. ಪಿಎಚ್.ಡಿ ಅವಧಿಯಲ್ಲಿ ಒಮ್ಮೆ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆ ಪಡೆಯಲು ಯುಜಿಸಿಯ 2022ರ ನಿಯಮದಲ್ಲಿ ಅವಕಾಶವಿದೆ. ಎಲ್ಲರಿಗೂ ಗರಿಷ್ಠ 6 ವರ್ಷ, ಮರುನೋಂದಣಿಯಿಂದ ಇನ್ನೆರಡು. ಮಹಿಳೆಯರಿಗೆ ಅದರ ಮೇಲೆ ಮತ್ತೆರಡು, ಅಂದರೆ ಒಟ್ಟು 10ರವರೆಗೆ. ರಜೆಯ ಅರ್ಜಿ ಮಾರ್ಗದರ್ಶಕರ ಶಿಫಾರಸಿನೊಂದಿಗೆ ಮೊದಲೇ ಹೋಗಲಿ. ಶಿಷ್ಯವೇತನ ಪಡೆಯುತ್ತಿದ್ದರೆ ಅದನ್ನು ಕೊಡುವ ಸಂಸ್ಥೆಗೂ ಪ್ರತ್ಯೇಕವಾಗಿ ತಿಳಿಸಿ. ವಿಶ್ವವಿದ್ಯಾಲಯಕ್ಕೆ ಹೇಳಿದರೆ ಅವರಿಗೆ ತಾನಾಗಿ ತಲುಪುವುದಿಲ್ಲ. ರಜೆಗೆ ಮುನ್ನ ಪ್ರಗತಿ ವರದಿ ಸಲ್ಲಿಸಿಬಿಟ್ಟರೆ ಬಂದ ಮೇಲೆ ಹಳೆಯ ಬಾಕಿ ಇರುವುದಿಲ್ಲ.

ಲೈಂಗಿಕ ಕಿರುಕುಳದ ದೂರು ವಿಚಾರಿಸುವ ಆಂತರಿಕ ದೂರು ಸಮಿತಿಯ ಅಧ್ಯಕ್ಷೆಯಾಗಿದ್ದೇನೆ. ಈಗ ವಿಭಾಗದ ಮುಖ್ಯಸ್ಥೆಯ ಸರದಿಯೂ ಬಂದಿದೆ. ಎರಡನ್ನೂ ನಿಭಾಯಿಸಬಹುದೇ?
– ಬೆಳಗಾವಿ

ಇಲ್ಲ. ಯುಜಿಸಿಯ 2015ರ ನಿಯಮದಂತೆ ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥರಂಥ ಹಿರಿಯ ಆಡಳಿತ ಸ್ಥಾನದಲ್ಲಿ ಇರುವವರು ಆ ಸಮಿತಿಯ ಸದಸ್ಯರಾಗುವಂತಿಲ್ಲ. ಮುಖ್ಯಸ್ಥೆಯ ಸ್ಥಾನ ವಹಿಸಿಕೊಳ್ಳಿ, ಸಮಿತಿಯಿಂದ ಬಿಡುಗಡೆ ಕೇಳಿ. ನಡೆಯುತ್ತಿರುವ ವಿಚಾರಣೆ ಇದ್ದರೆ ಆ ಕಡತಗಳನ್ನು ಮುಚ್ಚಿದ ಲಕೋಟೆಯಲ್ಲಿ, ಪುಟಗಳ ಸಂಖ್ಯೆ ನಮೂದಿಸಿ ಹಸ್ತಾಂತರಿಸಿ. ವಿಚಾರಣೆಗೆ 90 ದಿನದ ಮಿತಿಯಿದೆ, ನಿಮ್ಮ ಬದಲಾವಣೆಯಿಂದ ದೂರು ಕೊಟ್ಟ ಹುಡುಗಿಗೆ ಅನ್ಯಾಯವಾಗಬಾರದು. ಹೊಸ ಅಧ್ಯಕ್ಷೆಯ ನೇಮಕದ ಆದೇಶ ಬರುವವರೆಗೆ ಸುಮ್ಮನಿರದೆ ಬೆನ್ನು ಹತ್ತಿ.

ಒಂದು ಮಾತು. ವಿಶ್ವವಿದ್ಯಾಲಯದ ಮಟ್ಟದಲ್ಲಿ ಈ ಸಮಿತಿಗೆ ಪ್ರಾಧ್ಯಾಪಕಿಯೇ ಅಧ್ಯಕ್ಷೆಯಾಗಬೇಕು. ಪ್ರಾಧ್ಯಾಪಕಿಯರೇ ನಾಲ್ಕೈದು ಮಂದಿ ಇರುವ ಕಡೆ ಅವರ ಹೆಸರೇ ಸುತ್ತುತ್ತಿರುತ್ತದೆ. ಸಮಿತಿಯ ಅವಧಿ ಮೂರು ವರ್ಷ. ಬಹಳ ಮುಖ್ಯವಾದ, ಮನಸ್ಸನ್ನು ಹಿಂಡುವ ಕೆಲಸ ಅದು. ಅದನ್ನು ಮಾಡಿದವರನ್ನು ‘ಮಹಿಳಾ ವಿಷಯ ನೋಡುವವರು’ ಎಂದು ಬದಿಗಿಡುವುದು ದೊಡ್ಡ ತಪ್ಪು. ಸಾಕ್ಷ್ಯ ತೂಗುವುದು, ಒತ್ತಡಕ್ಕೆ ಬಗ್ಗದೆ ವರದಿ ಬರೆಯುವುದು ಕುಲಸಚಿವರ ಕುರ್ಚಿಗೆ ಬೇಕಾದ ಅರ್ಹತೆಯೇ.

ಎರಡು ವರ್ಷದ ಸರದಿಯಲ್ಲಿ ವಿಭಾಗದ ಮುಖ್ಯಸ್ಥನಾಗಿದ್ದೇನೆ. ವಿಭಾಗದಲ್ಲಿ ನಾಲ್ವರು ಮಹಿಳಾ ಸಹೋದ್ಯೋಗಿಗಳು. ಮಾರ್ಚ್ 8ರಂದು ಶಾಲು ಹೊದಿಸುವುದನ್ನು ಬಿಟ್ಟು ಉಪಯೋಗಕ್ಕೆ ಬರುವಂಥದ್ದು ಏನು ಮಾಡಬಹುದು?
– ಮಂಗಳೂರು

ನಿಮ್ಮ ಕೈಯಲ್ಲಿ ನೀವಂದುಕೊಂಡದ್ದಕ್ಕಿಂತ ಹೆಚ್ಚು ಅಧಿಕಾರವಿದೆ ಸರ್.

ಮೊದಲ ವಾರ ಒಂದು ಉದ್ದನೆಯ ಪುಸ್ತಕ ತಂದು ವಿಭಾಗದ ಹೊಣೆಗಳನ್ನೆಲ್ಲ ಬರೆಸಿ. ಕೆಲಸ, ಯಾರಿಗೆ, ಆದೇಶದ ಸಂಖ್ಯೆ, ವಾರಕ್ಕೆ ಸುಮಾರು ಎಷ್ಟು ಗಂಟೆ ಎಂದು ನಾಲ್ಕು ಕಾಲಂ ಸಾಕು. ತುಂಬಿದ ಮೇಲೆ ನೋಡಿ: ಸ್ವಾಗತ, ಸಾಂಸ್ಕೃತಿಕ, ವಿದ್ಯಾರ್ಥಿನಿಯರ ಸಮಸ್ಯೆ, ಉಪಾಹಾರ ಒಂದು ಕಡೆ. ಖರೀದಿ, ಪ್ರಯೋಗಾಲಯದ ಅನುದಾನ, ಪರೀಕ್ಷಾ ಮಂಡಳಿ, ಅಧ್ಯಯನ ಮಂಡಳಿ, ಕಟ್ಟಡ ಇನ್ನೊಂದು ಕಡೆ. ಎರಡು ಕಡೆ ಯಾರ ಹೆಸರಿದೆ ಎಂದು ಕಣ್ಣಿಗೆ ಕಾಣುತ್ತದೆ. ಹಣದ ಕಡತ ಮುಟ್ಟದವರಿಗೆ ನಾಳೆ ಡೀನ್ ಆದಾಗ ಟೆಂಡರ್ ಕಡತ ಓದಲು ಬರುವುದಿಲ್ಲ, ಪರೀಕ್ಷಾ ಕೆಲಸ ಮಾಡದವರ ಹೆಸರು ಕುಲಸಚಿವ (ಮೌಲ್ಯಮಾಪನ) ಹುದ್ದೆಗೆ ಕೇಳಿಬರುವುದಿಲ್ಲ. ಮುಂದಿನ ಸಾಲಿನಲ್ಲಿ ಎರಡು ಕಡೆಯವರನ್ನೂ ಅದಲು ಬದಲು ಮಾಡಿ. ಗಂಡಸರು ಅತಿಥಿಗಳ ಊಟ ನೋಡಿಕೊಳ್ಳಲಿ, ಅದೂ ಕಲಿಯಬೇಕಾದ ಕೆಲಸವೇ.

ಎರಡನೆಯದು, ಸಂಶೋಧನಾ ವಿದ್ಯಾರ್ಥಿಗಳ ಹಂಚಿಕೆ. ಮೇಲೆ ಹೇಳಿದ ಪ್ರಾಧ್ಯಾಪಕ ಹುದ್ದೆಯ ಬಾಗಿಲಿಗೆ ಬೀಗ ಬೀಳುವುದು ಹೆಚ್ಚಾಗಿ ಇಲ್ಲಿಯೇ. ಪಿಎಚ್.ಡಿಗೆ ಕನಿಷ್ಠ ಮೂರು ವರ್ಷ ಬೇಕು. ಇವತ್ತು ವಿದ್ಯಾರ್ಥಿ ಸಿಗದ ಅಧ್ಯಾಪಕಿಗೆ ಮೂರು, ನಾಲ್ಕು ವರ್ಷದ ಮೇಲೂ ಮಾರ್ಗದರ್ಶನದ ದಾಖಲೆ ಇರುವುದಿಲ್ಲ. 2022ರ ನಿಯಮದಂತೆ ಪಿಎಚ್.ಡಿ, ಮೂರು ಪ್ರಬಂಧಗಳಿರುವ ಸಹಾಯಕ ಪ್ರಾಧ್ಯಾಪಕರೂ ಮಾರ್ಗದರ್ಶಕರಾಗಬಹುದು. ಮಿತಿ: ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ವಿದ್ಯಾರ್ಥಿಗಳು. ಹೆಸರಾದ ಹಿರಿಯರ ಎಂಟೂ ತುಂಬಿದ ಮೇಲೆ ಮಿಕ್ಕವರು ಕಿರಿಯರಿಗೆ ಎಂಬ ಕ್ರಮ ಬಿಡಿ. ಹಂಚಿಕೆಯ ಸಭೆಯಲ್ಲಿ, ಅರ್ಹತೆಯಿದ್ದೂ ಇನ್ನೂ ಒಬ್ಬ ವಿದ್ಯಾರ್ಥಿಯೂ ಇಲ್ಲದವರ ಪಟ್ಟಿಯನ್ನು ಮೊದಲು ಮೇಜಿನ ಮೇಲಿಡಿ. ವಿದ್ಯಾರ್ಥಿ ಹಿರಿಯರೇ ಬೇಕೆಂದರೆ ಸಹ ಮಾರ್ಗದರ್ಶಕಿಯನ್ನು ಅಧಿಕೃತವಾಗಿ ಸೇರಿಸಿ. ಜಂಟಿ ಮಾರ್ಗದರ್ಶನದಲ್ಲಿ 10ರ ಪೈಕಿ ಇಬ್ಬರಿಗೂ 7 ಅಂಕ ಬರುತ್ತದೆ, ಯಾರಿಗೂ ದೊಡ್ಡ ನಷ್ಟವಿಲ್ಲ.

ಮೂರನೆಯದು, ನೀವು ರಜೆಯಲ್ಲಿರುವಾಗ ಪ್ರಭಾರ. ‘ಅವರಿಗೆ ಮನೆಯಲ್ಲಿ ಚಿಕ್ಕ ಮಕ್ಕಳು, ಯಾಕೆ ತೊಂದರೆ’ ಎಂದು ಸೇವಾ ಹಿರಿತನದಲ್ಲಿ ಮುಂದಿರುವ ಮಹಿಳೆಯನ್ನು ದಾಟಿ ಹೋಗುವುದು ಕರುಣೆಯ ಹೆಸರಿನಲ್ಲಿ ನಡೆಯುವ ಅನ್ಯಾಯ. ಮೊದಲು ಅವರನ್ನು ಕೇಳಿ. ಬೇಡವೆನ್ನುವುದಾದರೆ ಅವರೇ ಹೇಳಲಿ. ಎರಡೇ ದಿನದ ಪ್ರಭಾರವಾದರೂ ಲಿಖಿತ ಆದೇಶ ಹೊರಡಿಸಿ.

ಸಭೆ ಸಂಜೆ 4.30ಕ್ಕೆ ಕರೆಯಬೇಡಿ. 11ರಿಂದ 3ರೊಳಗೆ ಇರಲಿ, ಕಾರ್ಯಸೂಚಿ ಮೂರು ದಿನ ಮೊದಲು ಕೈಸೇರಲಿ. ಎಷ್ಟೋ ತೀರ್ಮಾನ ಸಭೆ ಮುಗಿದ ಮೇಲೆ ಕ್ಯಾಂಟೀನಿನ ಚಹಾದ ಹೊತ್ತಿಗೆ ಬದಲಾಗುತ್ತದೆ. ಬಸ್ ಹಿಡಿಯಲು ಹೊರಟವರಿಗೆ ಅದು ಮರುದಿನ ಗೊತ್ತಾಗುತ್ತದೆ. ಸಭೆಯಲ್ಲಿ ಆಗಿದ್ದನ್ನು ಸಭೆಯಲ್ಲೇ ಬದಲಿಸಿ. ನಡಾವಳಿಯಲ್ಲಿ ಸಲಹೆ ಕೊಟ್ಟವರ ಹೆಸರು ಇರಲಿ. ಸಹೋದ್ಯೋಗಿ ಹೇಳಿದ್ದನ್ನು ಹತ್ತು ನಿಮಿಷದ ನಂತರ ಇನ್ನೊಬ್ಬರು ಗಟ್ಟಿ ದನಿಯಲ್ಲಿ ಹೇಳಿದರೆ, ‘ಇದನ್ನು ಆಗಲೇ ಮೇಡಂ ಪ್ರಸ್ತಾಪಿಸಿದ್ದಾರೆ, ಅವರೇ ಮುಂದುವರಿಸಲಿ’ ಎಂದು ಹೇಳುವ ಕೆಲಸ ಅಧ್ಯಕ್ಷರದು.

ಇನ್ನೊಂದು ವಿಷಯ ಬರೆಯಲು ಸಣ್ಣದು, ಅನುಭವಿಸಲು ದೊಡ್ಡದು. ನಿಮ್ಮ ಮಹಡಿಯಲ್ಲಿ ಮಹಿಳಾ ಸಿಬ್ಬಂದಿಯ ಶೌಚಾಲಯದ ಬೀಗದ ಕೈ ಯಾರ ಬಳಿ ಇದೆ, ನೀರು ಮಧ್ಯಾಹ್ನವೂ ಬರುತ್ತದೆಯೇ, ಒಳಗೆ ಚಿಲಕ ಸರಿಯಿದೆಯೇ, ನೀವೇ ಹೋಗಿ ವಿಚಾರಿಸಿ. ಜವಾನನನ್ನು ಹುಡುಕಿ ಕೈ ಇಸಿದುಕೊಂಡು ಕೆಳಗಿನ ಮಹಡಿಗೆ ಹೋಗಿ ಬರುವ ಅಧ್ಯಾಪಕಿ ನಾಲ್ಕು ಗಂಟೆಯ ಸಭೆಗೆ ನೀರು ಕುಡಿಯದೆ ಕೂತಿರುತ್ತಾಳೆ. ಶಿಶುಪಾಲನಾ ಕೇಂದ್ರದ ಪ್ರಸ್ತಾವವನ್ನೂ ನಿಮ್ಮ ಸಹಿಯಲ್ಲಿ ಕಳಿಸಿ. 50 ಮತ್ತು ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದಲೇ ಕಾನೂನು ಇದನ್ನು ಹೇಳುತ್ತಿದೆ, ಉನ್ನತ ಶಿಕ್ಷಣ ಸಂಸ್ಥೆಗಳ ಗುಣಮಟ್ಟ ಅಳೆಯುವ ನ್ಯಾಕ್‌ನ ಏಳನೇ ಮಾನದಂಡದಲ್ಲೂ ಲಿಂಗ ಸಮಾನತೆಯ ಸೌಲಭ್ಯಗಳನ್ನು ಕೇಳುತ್ತಾರೆ. ನ್ಯಾಕ್ ಎಂದೊಡನೆ ಕಡತ ಓಡುತ್ತದೆ, ಆ ಹೆಸರನ್ನು ಧಾರಾಳವಾಗಿ ಬಳಸಿ.

ಮುಂದಿನ ತಿಂಗಳು ವಿಭಾಗದ ಅಧ್ಯಕ್ಷೆಯಾಗುತ್ತಿದ್ದೇನೆ. ನನ್ನ ಗುರುಗಳೂ ಅದೇ ವಿಭಾಗದಲ್ಲಿದ್ದಾರೆ. ಮೊದಲು ಏನು ಮಾಡಲಿ?
– ತುಮಕೂರು

ಹಾರ ಹಾಕಿಸಿಕೊಳ್ಳುವ ಮುನ್ನ ಪ್ರಭಾರ ಪಟ್ಟಿ ಕೇಳಿ. ದಾಸ್ತಾನು ಪುಸ್ತಕ, ಉಪಕರಣಗಳು, ವಿಭಾಗದ ಗ್ರಂಥಾಲಯ, ಬ್ಯಾಂಕ್ ಖಾತೆ, ಇತ್ಯರ್ಥವಾಗದ ಮುಂಗಡ, ಲೆಕ್ಕಪರಿಶೋಧನೆಯ ಆಕ್ಷೇಪಣೆಗಳು, ಸಂಶೋಧನಾ ವಿದ್ಯಾರ್ಥಿಗಳ ಬಾಕಿ ವರದಿಗಳು, ಬೀರುಗಳ ಬೀಗದ ಕೈಗಳು. ಒಂದೊಂದನ್ನೂ ಎಣಿಸಿ ಟಿಕ್ ಹಾಕಿ. ಇಲ್ಲದ ವಸ್ತುವಿನ ಮುಂದೆ ‘ಭೌತಿಕವಾಗಿ ಕಂಡುಬಂದಿಲ್ಲ’ ಎಂದು ಬರೆದು ಇಬ್ಬರೂ ಸಹಿ ಮಾಡಿ. ಸಂಕೋಚದಿಂದ ಹಾಗೇ ಸಹಿ ಹಾಕಿದರೆ ಏಳು ವರ್ಷದ ಹಿಂದಿನ ವಿಚಾರ ಸಂಕಿರಣದ ಮುಂಗಡ ನಿಮ್ಮ ಹೆಸರಿಗೆ ಬರುತ್ತದೆ, ನಿವೃತ್ತಿಯ ಹೊತ್ತಿಗೆ ಬೇಬಾಕಿ ಪತ್ರ ಸಿಗುವುದಿಲ್ಲ. ಎರಡು ದಿನ ಹಿಡಿಯಲಿ, ಪರವಾಗಿಲ್ಲ.

ಸಭೆ ನಡೆಸುವುದು ಅಧ್ಯಕ್ಷರ ನಿಜವಾದ ಕಸುಬು. ನಡಾವಳಿಯ ಎರಡು ವಾಕ್ಯ ಪಕ್ಕಪಕ್ಕ ಇಟ್ಟು ನೋಡಿ. ‘ಮೊದಲ ಸೆಮಿಸ್ಟರ್‌ನ ಟೈಮ್ ಟೇಬಲ್ ಬಗ್ಗೆ ವಿವರವಾಗಿ ಚರ್ಚಿಸಲಾಯಿತು.’ ಇದರಿಂದ ಏನೂ ಆಗುವುದಿಲ್ಲ. ‘ಮೊದಲ ಸೆಮಿಸ್ಟರ್‌ನ ಟೈಮ್ ಟೇಬಲ್ ಕರಡನ್ನು ಇಂಥವರು 12ನೇ ತಾರೀಖಿನೊಳಗೆ ಸಲ್ಲಿಸುವುದೆಂದು ತೀರ್ಮಾನಿಸಲಾಯಿತು.’ ಇದರಲ್ಲಿ ಹೆಸರಿದೆ, ದಿನಾಂಕವಿದೆ, ಕ್ರಿಯೆಯಿದೆ. ನಡಾವಳಿ ಎರಡು ದಿನದೊಳಗೆ ಎಲ್ಲರಿಗೂ ಹೋಗಲಿ. ತಡವಾದಷ್ಟೂ ‘ನಾನು ಹಾಗೆ ಹೇಳಿಯೇ ಇಲ್ಲ’ ಎನ್ನುವವರು ಹೆಚ್ಚುತ್ತಾರೆ.

ಗುರುಗಳ ವಿಚಾರ ನಾಜೂಕಿನದು. ಸಭೆಗೆ ಮೊದಲು ಅವರ ಕೊಠಡಿಗೆ ನೀವೇ ಹೋಗಿ ಕಾರ್ಯಸೂಚಿ ಕೊಟ್ಟು ಬನ್ನಿ, ಅದರಿಂದ ಸ್ಥಾನ ಕಿರಿದಾಗುವುದಿಲ್ಲ. ಆದರೆ ಸಭೆಯಲ್ಲಿ ಅಧ್ಯಕ್ಷರ ಕುರ್ಚಿಯಲ್ಲಿ ಕೂರುವವರು ನೀವು. ‘ನೀವೇ ಕೂತ್ಕೊಳ್ಳಿ ಸರ್’ ಎಂದು ಪಕ್ಕಕ್ಕೆ ಸರಿಯಬೇಡಿ. ಒಮ್ಮೆ ಸರಿದರೆ ಎರಡು ವರ್ಷವೂ ಕಡತ ಮೊದಲು ಅವರ ಮೇಜಿಗೆ ಹೋಗುತ್ತದೆ. ಯಾರಾದರೂ ‘ಏನಮ್ಮಾ’ ಎಂದು ಕರೆದರೆ ಹೊರಗೆ ಒಬ್ಬರೇ ಇರುವಾಗ ನೇರವಾಗಿ ಹೇಳಿ: ‘ಮನೆಯಲ್ಲಿ ಹಾಗೇ ಕರೀರಿ ಸರ್, ಸಭೆಯಲ್ಲಿ ಮಾತ್ರ ಬೇಡ.’

20 ವರ್ಷದಿಂದ ಪ್ರಾಧ್ಯಾಪಕಿ. ಕುಲಪತಿ ಹುದ್ದೆಗೆ ಅರ್ಜಿ ಹಾಕಲು ಮನೆಯವರೂ ಶಿಷ್ಯರೂ ಹೇಳುತ್ತಿದ್ದಾರೆ. ನನ್ನಂಥವರಿಗೆ ದಾರಿ ಇದೆಯೇ?
– ಧಾರವಾಡ

ಇದೆ. ಭಾರತದಲ್ಲಿ ಗಂಡು ಹೆಣ್ಣು ಒಟ್ಟಿಗೆ ಓದುವ ವಿಶ್ವವಿದ್ಯಾಲಯಕ್ಕೆ ಮೊದಲ ಮಹಿಳಾ ಕುಲಪತಿಯಾಗಿ ಹಂಸಾ ಮೆಹ್ತಾ ಬರೋಡಾದಲ್ಲಿ ಅಧಿಕಾರ ವಹಿಸಿಕೊಂಡದ್ದು 1949ರಲ್ಲಿ. 1916ರಲ್ಲಿ ಶುರುವಾದ ನಮ್ಮ ಮೈಸೂರು ವಿಶ್ವವಿದ್ಯಾಲಯ ಸೆಲ್ವಿ ದಾಸ್ ಅವರನ್ನು ಆ ಕುರ್ಚಿಯಲ್ಲಿ ಕಾಣಲು ಎಪ್ಪತ್ತು ವರ್ಷ ದಾಟಬೇಕಾಯಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೆ ಮಲ್ಲಿಕಾ ಘಂಟಿ ಬಂದರು. 2003ರಲ್ಲಿ ವಿಜಯಪುರದಲ್ಲಿ ಸ್ಥಾಪನೆಯಾಗಿ ಈಗ ಅಕ್ಕಮಹಾದೇವಿಯ ಹೆಸರು ಹೊತ್ತ ಮಹಿಳಾ ವಿಶ್ವವಿದ್ಯಾಲಯವನ್ನು ಗೀತಾ ಬಾಲಿ, ಮೀನಾ ಚಂದಾವರಕರ, ಸಬಿಹಾ ಭೂಮಿಗೌಡ, ಬಿ.ಕೆ. ತುಳಸಿಮಾಲಾ ಅವರಂಥವರು ನಡೆಸಿದ್ದಾರೆ. ಆದರೆ ಮಹಿಳಾ ವಿಶ್ವವಿದ್ಯಾಲಯಕ್ಕೆ ಮಾತ್ರ ಮಹಿಳೆಯ ಹೆಸರು ನೆನಪಾಗುವ ಅಭ್ಯಾಸ ಹೋಗಬೇಕು. ನೀವು ಪ್ರಕಟಣೆ ಬಂದ ಪ್ರತಿ ವಿಶ್ವವಿದ್ಯಾಲಯಕ್ಕೂ ಅರ್ಜಿ ಹಾಕಿ.

ಯುಜಿಸಿ ನಿಯಮದಂತೆ ಬೇಕಾದ್ದು ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ ಕನಿಷ್ಠ 10 ವರ್ಷ, ಅಥವಾ ಹೆಸರಾಂತ ಸಂಶೋಧನಾ ಇಲ್ಲವೇ ಶೈಕ್ಷಣಿಕ ಆಡಳಿತ ಸಂಸ್ಥೆಯಲ್ಲಿ ಅಷ್ಟೇ ಅನುಭವ, ಜೊತೆಗೆ ಶೈಕ್ಷಣಿಕ ನಾಯಕತ್ವದ ಪುರಾವೆ. 30ಕ್ಕೆ ಸೇರಿ ಎಲ್ಲ ಬಡ್ತಿ ಸಮಯಕ್ಕೆ ಸಿಕ್ಕರೆ 45ಕ್ಕೆ ಪ್ರಾಧ್ಯಾಪಕಿ, 55ಕ್ಕೆ ಅರ್ಹತೆ. ನಡುವೆ ಐದು ವರ್ಷ ಕಳೆದುಹೋಗಿದ್ದರೆ 60. ಕಲಬುರಗಿಯ ಓದುಗರಿಗೆ ದಿನಾಂಕದ ಬಗ್ಗೆ ಅಷ್ಟುದ್ದ ಬರೆದದ್ದು ಇದಕ್ಕೇ.

ಕರ್ನಾಟಕ ರಾಜ್ಯ ವಿಶ್ವವಿದ್ಯಾಲಯಗಳ 2000ದ ಕಾಯ್ದೆಯಡಿ ಬರುವ ಕಡೆಗಳಲ್ಲಿ ಶೋಧನಾ ಸಮಿತಿಯಲ್ಲಿ ನಾಲ್ವರು: ಕುಲಾಧಿಪತಿ, ಯುಜಿಸಿ, ರಾಜ್ಯ ಸರ್ಕಾರ, ಸಿಂಡಿಕೇಟ್ ತಲಾ ಒಬ್ಬರನ್ನು ಸೂಚಿಸುತ್ತವೆ. ಸಮಿತಿ ಮೂರು ಹೆಸರನ್ನು ಅಕಾರಾದಿಯಾಗಿ ಕೊಡುತ್ತದೆ. ಅವಧಿ 4 ವರ್ಷ. ಈ ಸಮಿತಿಯ ಮುಂದೆ ನಿಮ್ಮ ಕಡತ ಹೇಗಿರಬೇಕು? ಪ್ರಬಂಧಗಳ ಪಟ್ಟಿ ನೂರು ಪುಟವಾಗಬೇಕಿಲ್ಲ. ಮೊದಲ ಎರಡು ಪುಟದಲ್ಲಿ ಆಡಳಿತದ ಕೆಲಸ ಬರಲಿ. ‘ಡೀನ್ ಆಗಿದ್ದೆ’ ಎಂದು ಬರೆದರೆ ಸಾಲದು. ಎಷ್ಟು ವಿಭಾಗ, ಎಷ್ಟು ಹಣದ ಯೋಜನೆ, ಪರೀಕ್ಷಾ ಫಲಿತಾಂಶ ಎಷ್ಟು ದಿನದಲ್ಲಿ ಕೊಟ್ಟಿರಿ, ನ್ಯಾಕ್ ವರದಿಯ ಯಾವ ಅಧ್ಯಾಯ ನಿಮ್ಮದು, ಯಾವ ಲೆಕ್ಕಪರಿಶೋಧನಾ ಆಕ್ಷೇಪಣೆ ತೀರಿಸಿದಿರಿ ಎಂದು ಅಂಕಿ ಸಮೇತ ಬರೆಯಿರಿ. ‘ತಂಡದ ಕೆಲಸ’ ಎಂದು ವಿನಯದಿಂದ ಬರೆದ ಕಡೆ ನಿಮ್ಮ ಪಾಲು ಏನೆಂದು ಇನ್ನೊಂದು ವಾಕ್ಯ ಸೇರಿಸಿ. ಆ ವಿಶ್ವವಿದ್ಯಾಲಯದ ವಾರ್ಷಿಕ ಲೆಕ್ಕಪತ್ರ, ಖಾಲಿ ಹುದ್ದೆ, ಪಿಂಚಣಿ ಹೊರೆ ಓದಿಕೊಂಡು ಹೋಗಿ. ಹಣಕಾಸಿನ ಪ್ರಶ್ನೆ ಬಂದೇ ಬರುತ್ತದೆ. ವಿಚಕ್ಷಣಾ ನಿರಾಕ್ಷೇಪಣೆ (ನಿಮ್ಮ ಮೇಲೆ ವಿಚಾರಣೆ ಬಾಕಿ ಇಲ್ಲವೆಂಬ ಪತ್ರ), ಸೇವಾ ಪ್ರಮಾಣಪತ್ರಕ್ಕೆ ಪ್ರಕಟಣೆ ಬರುವ ಮೊದಲೇ ಅರ್ಜಿ ಕೊಟ್ಟಿರಿ. ಕೊನೆಯ ದಿನ ಈ ಒಂದು ಕಾಗದಕ್ಕಾಗಿ ಕೈತಪ್ಪಿದ ಅರ್ಜಿಗಳಿವೆ.

ನಮ್ಮ ಕ್ಯಾಂಪಸ್ಸಿನ ಮಹಿಳಾ ಅಧ್ಯಾಪಕರು ತಿಂಗಳಿಗೊಮ್ಮೆ ಸೇರಬೇಕೆಂದಿದ್ದೇವೆ. ಬರೀ ಹರಟೆಯಾಗದಂತೆ ಹೇಗೆ ನಡೆಸುವುದು?
– ದಾವಣಗೆರೆ

ಹರಟೆಯೂ ಇರಲಿ, ಅದಕ್ಕೇ ಜನ ಬರುವುದು. ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಗಂಟೆ ಇಟ್ಟುಕೊಳ್ಳಿ, ಅತಿಥಿ ಉಪನ್ಯಾಸಕಿಯರನ್ನೂ ಬೋಧಕೇತರ ಸಿಬ್ಬಂದಿಯನ್ನೂ ಕರೆಯಿರಿ. ಹಿರಿಯರು ಇಬ್ಬರಾದರೂ ಇರಬೇಕು, ಆಯ್ಕೆ ಸಮಿತಿಯಲ್ಲಿ ಕೂತು ಬಂದವರಾದರೆ ಮತ್ತೂ ಒಳ್ಳೆಯದು, ಕಡತ ಎಲ್ಲಿ ತಡೆಯುತ್ತದೆ ಎಂದು ಅವರಿಗೆ ಗೊತ್ತಿರುತ್ತದೆ.

ಮೊದಲ ಸಭೆಗೆ ಪ್ರತಿಯೊಬ್ಬರೂ ಒಂದು ಹಾಳೆ ತರಲಿ. ಅದರಲ್ಲಿ ನಾಲ್ಕು ಸಾಲು: ಸೇವೆಗೆ ಸೇರಿದ ದಿನಾಂಕ, ಮುಂದಿನ ಬಡ್ತಿಯ ಅರ್ಹತಾ ದಿನಾಂಕ, ಅದಕ್ಕೆ ಬಾಕಿ ಇರುವ ಷರತ್ತು, ಆ ಷರತ್ತು ಪೂರೈಸಲು ಯಾರ ಸಹಿ ಬೇಕು. ಹಾಳೆಗಳನ್ನು ಒಬ್ಬರು ಸೇರಿಸಿ ಒಂದೇ ಕ್ಯಾಲೆಂಡರ್ ಮಾಡಲಿ. ದಿನಾಂಕಕ್ಕೆ ನಾಲ್ಕು ತಿಂಗಳು ಇರುವಾಗ ಪಕ್ಕದ ವಿಭಾಗದ ಗೆಳತಿ ಫೋನ್ ಮಾಡಿ ‘ಅರ್ಜಿ ಬರೆದಿರಾ ಮೇಡಂ?’ ಎಂದು ಕೇಳಲಿ.